ಸಾವಿನ ಮನೆಯಲ್ಲಿ ಸೊಪ್ರಾನೊ

ವಾಡಿ ಜಂಕ್ಷನ್ ಊರಿನಲ್ಲಿ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಗೌರವವಿದೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಪಾಶ್ಚಾತ್ಯ ಸಂಗೀತ ಕಛೇರಿಗಳಲ್ಲಿ ಸೊಪ್ರಾನೊ, ಅಂದರೆ ಹೆಣ್ಣುದನಿಯ ತೀರ ಮೇಲಿನ ಸ್ಥಾಯಿ, ಹಾಡಿದವಳು. ಈಗ ಪಾಠ ಹೇಳುತ್ತೇನೆ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಶಾಂತಮ್ಮ ಬಂದಳು. "ಅತ್ತಿ ತೀರಕೊಂಡಾಳ್ರಿ ಟೀಚರ್. ನಮ್ಮ ಹೆಣ್ಮಕ್ಕಳ ಅಳು ಅಂಗಳ ದಾಟವಲ್ದು, ಮಂದಿ ಆಡಿಕೊಳ್ತಾರ. ನಿಮ್ಮ ದನಿ ಟೇಶನ್ ತನಕ ಕೇಳ್ತದ, ಸ್ವಲ್ಪ ಅತ್ತು ಹೋಗ್ರಿ."

ಅಳುವುದು ನನ್ನ ವಿದ್ಯೆಯಲ್ಲ. ಹೋಗಿ, ಹೆಣದ ಪಕ್ಕ ನೆಟ್ಟಗೆ ನಿಂತು, ಲ್ಯಾಟಿನ್ ಪ್ರಾರ್ಥನೆಯೊಂದನ್ನು ಹಾಡಿದೆ. ಅಳುತ್ತಿದ್ದವರೆಲ್ಲ ಬಾಯಿ ಮುಚ್ಚಿ ಕೇಳಿದರು. ಬೀಗರೊಬ್ಬರು "ಭಾಳ ಛಲೋ ಅದ, ಇನ್ನೊಂದು ಹಾಡ್ರಿ" ಎಂದರು.

ಶಾಂತಮ್ಮ ನನ್ನ ರಟ್ಟೆ ಹಿಡಿದು ಹೊರಗೆ ತಂದಳು. "ಇದ್ದ ಅಳೂ ನಿಲ್ಲಿಸಿಬಿಟ್ರಲ್ರಿ. ನಡೀರಿ ಮನಿಗೆ."

ಅವಳ ಅತ್ತೆಯ ಉತ್ತರಕ್ರಿಯೆ ಮುಗಿಯುವವರೆಗೆ ನಾನು ಕಾದೆ. ಹಾಡಿದವಳನ್ನು ರಟ್ಟೆ ಹಿಡಿದು ಹೊರಗೆ ಕಳಿಸಿದ್ದಕ್ಕೆ ಈಗ ಶಾಂತಮ್ಮ ಬಂದು ಕ್ಷಮೆ ಕೇಳಬೇಕು.