ವಸ್ತಾದರ ತುಟಿ

ಶಹಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಗಂಟಲು ಹರಿಯುವಂತೆ ಕೂಗಿದರೂ ಮಾತು ಕೇಳಿಸದು. ಅಲ್ಲಿ ದುಡಿಯುವವರೆಲ್ಲ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಕುಣಾಲನೂ ಹಾಗೆ ಕಲಿತ. ಕೊಲ್ಹಾಪುರದ ತಾಲೀಮು ಮನೆಯಲ್ಲಿ ಕೆಂಪು ಮಣ್ಣು ಬಳಿದುಕೊಂಡು ಕುಸ್ತಿ ಹಿಡಿಯುತ್ತಿದ್ದವನು, ಮೊಣಕಾಲು ಮುರಿದ ಮೇಲೆ ಮಗ್ಗಕ್ಕೆ ಬಂದಿದ್ದ.

ಎದುರು ಸಾಲಿನ ಮಗ್ಗ ಜಿನೇಶನದು. ಉಳಿದವರು ಬೆನ್ನು ತಿರುಗಿಸಿದಾಗ ಅವನು ಸದ್ದಿಲ್ಲದೆ ತುಟಿಯಲ್ಲೇ ಕುಣಾಲನೊಡನೆ ಒಂದೆರಡು ಮಾತಾಡುತ್ತಿದ್ದ. ಇಬ್ಬರ ಪ್ರೀತಿಯೆಲ್ಲ ಅಷ್ಟರಲ್ಲೇ ನಡೆದಿತ್ತು.

ಒಂದು ದಿನ ಪಕ್ಕದ ಮಗ್ಗದ ರತ್ನದೀಪ ಮೊಬೈಲು ತಂದು ಎಲ್ಲರಿಗೂ ಒಂದು ವಿಡಿಯೊ ತೋರಿಸಿದ. ಗಡಹಿಂಗ್ಲಜದ ಕುಸ್ತಿ ಮೈದಾನದಲ್ಲಿ ಮೈಕು ಹಿಡಿದು ನಿಂತವರು ಕುಣಾಲನಿಗೆ ಕುಸ್ತಿ ಕಲಿಸಿದ ವಸ್ತಾದರು. ದನಿ ಕೇಳಲಿಲ್ಲ, ತುಟಿ ಕಂಡಿತು.

"ಗಂಡಸರ ಮ್ಯಾಲೆ ಮನಸ್ಸಿಡೋ ಹೊಲಸ ಮಂದಿ ನಮ್ಮ ಮಣ್ಣ ಮುಟ್ಟಬಾರ್ದು."

ಕುಣಾಲನಿಗೆ ಶಾಬ್ಬಾಸ್ ಎಂದಿದ್ದ ತುಟಿಗಳೇ ಅವು. ಶೆಡ್ಡಿನವರೆಲ್ಲ ನಕ್ಕರು. ಜಿನೇಶನೂ ನಕ್ಕ.

"ಹಿಂಗ ಅನಬಾರ್ದಿತ್ತು," ಎಂದ ಕುಣಾಲ.

"ಮಾತಾಡಾಕ ಎಲ್ಲಾರಿಗೂ ಹಕ್ಕೈತಿ ಬಿಡೋ," ಎಂದಿತು ರತ್ನದೀಪನ ತುಟಿ.

ಹಕ್ಕಂತೆ. ಜಿನೇಶನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗುವ ಹಕ್ಕು ಕುಣಾಲನಿಗೆ ಯಾರು ಕೊಟ್ಟಿದ್ದರು?

ಮರುದಿನ ಜಿನೇಶ ಬಾಯಿಗೆ ಕರವಸ್ತ್ರ ಬಿಗಿದುಕೊಂಡು ಬಂದ. ಮಾಲಕರು ಕೇಳಿದ್ದಕ್ಕೆ, "ಹತ್ತಿ ಧೂಳ ಭಾಳ ಆಗೈತ್ರಿ," ಎಂದನಂತೆ.

ಅಂದಿನಿಂದ ಕುಣಾಲನಿಗೆ ಓಡುವ ಲಾಳಿಯ ಹಿಂದೆ, ನೇಯ್ದ ಬಿಳಿ ಬಟ್ಟೆಯ ಮೇಲೆ, ಎತ್ತ ನೋಡಿದರೂ ವಸ್ತಾದರ ತುಟಿಗಳೇ ಆಡುತ್ತವೆ. ಕರೆಂಟು ಹೋದಾಗ ಮಗ್ಗಗಳೆಲ್ಲ ನಿಲ್ಲುತ್ತವೆ, ಧೂಳು ಮೆಲ್ಲಗೆ ನೆಲಕ್ಕಿಳಿಯುತ್ತದೆ. ಕುಣಾಲ ಎದುರು ಸಾಲಿನತ್ತ ನೋಡುತ್ತಾನೆ.

ಜಿನೇಶ ಆಗಲೂ ಕರವಸ್ತ್ರ ಬಿಚ್ಚುವುದಿಲ್ಲ.