ಗುರುಮುಖಿ ಬಾರದವನು ಜೋಡಿಸಿದ ಹಾಳೆಗಳು

ಪವಾಡದ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷದಿಂದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದೇನೆ. ಹಾಳೆ, ನೂಲು, ಅಂಟು ಬಿಟ್ಟು ಬೇರೇನೋ ಇದೆ ಎಂದವರಿಗೆ ಕಾಗೆ ಹಾರಿಸಬೇಡಿ ಅನ್ನುತ್ತಿದ್ದೆ. ಈಗ ಅಷ್ಟು ಧೈರ್ಯ ಉಳಿದಿಲ್ಲ.

ನಾಲ್ಕು ವರ್ಷದ ಹಿಂದೆ, ಹೈವೇ ಪಕ್ಕದಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಸಿಖ್ಖರೊಬ್ಬರು ತಮ್ಮ ತಾಯಿಯ ಪೋಥಿ, ಅಂದರೆ ಅವರ ಧರ್ಮಗ್ರಂಥ, ತಂದುಕೊಟ್ಟರು. ಗುರುಗಳ ವಾಣಿಯನ್ನು ಆ ತಾಯಿಯ ತಂದೆ ಕೈಯಲ್ಲೇ ಬರೆದದ್ದು. ದೇಶ ಒಡೆದಾಗ ಮನೆಯವರು ಅದೊಂದನ್ನು ಎದೆಗವುಚಿಕೊಂಡು ಬಂದಿದ್ದರಂತೆ. ಈಗ ಸೂರು ಸೋರಿ ನೆನೆದಿತ್ತು. ಅಂಚಿನ ಪುಟಸಂಖ್ಯೆಗಳನ್ನು ಗೆದ್ದಲು ತಿಂದಿತ್ತು. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ನೆಲದ ಮೇಲೆ ಇಡಬೇಡಿ, ಪೆನ್ಸಿಲ್ ಗುರುತೂ ಬೇಡ ಅಂದರು. ಸರಿಹೋಗದ ಪೋಥಿಯನ್ನು ಮರ್ಯಾದೆಯಿಂದ ಅಗ್ನಿಗೆ ಒಪ್ಪಿಸುವುದು ಅವರ ಪದ್ಧತಿ. ಆದರೆ ಆ ತಾಯಿಗೆ ತಂದೆಯದು ಅಂತ ಉಳಿದಿದ್ದುದು ಅದೊಂದೇ.

ಬಿಚ್ಚುವ ಮುಂಚೆ ಹಾಳೆಗೆ ನಂಬರ್ ಹಾಕುವುದು ನಮ್ಮ ಕಸುಬಿನ ಮೊದಲ ಪಾಠ. ಅದಿಲ್ಲದೆ ಬಿಚ್ಚಿ, ಮಂಚದ ಮೇಲೆ ಬಿಳಿ ಪಂಚೆ ಹಾಸಿ ಸಾಲಾಗಿ ಹರಡಿದೆ. ಬೇಗ ಒಣಗಲೆಂದು ಫ್ಯಾನ್ ಹಾಕಿ ಊಟಕ್ಕೆ ಹೋದೆ. ನನ್ನಂಥ ಬುದ್ಧಿವಂತ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಬಂದು ನೋಡಿದರೆ ಹಾಳೆಗಳೆಲ್ಲ ಅಂಗಡಿ ತುಂಬ ಹಾರಿ ಬಿದ್ದಿದ್ದವು. ಆಯ್ದು ಮಂಚದ ಮೇಲೆ ರಾಶಿ ಹಾಕಿದೆ. ಅವರ ಗುರುಮುಖಿ ಲಿಪಿಯಲ್ಲಿ ನನಗೆ ಒಂದಕ್ಷರವೂ ಬಾರದು.

ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಮೂರು ಗಂಟೆಗೆ ತಾಯಿಯನ್ನೇ ಕರೆತಂದರು. ಆಕೆಗೆ ಕಣ್ಣು ಪೂರಾ ಹೋಗಿತ್ತು. ಇಲ್ಲೇ ಬಹಳ ವರ್ಷ ಬಾಳಿದ್ದರಿಂದ ನಮ್ಮ ಕನ್ನಡವನ್ನೇ ಆಡುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತೆ.

"ಬಯ್ಯಕ್ಕೆ ಬಂದಿಲ್ಲ ಕಣಪ್ಪ. ಕೈ ತೊಳ್ಕೊಂಡು ಕೂತ್ಕೊ. ನಾನು ಬಾಯಲ್ಲಿ ಅಂದ್ಕೊಂಡೋಯ್ತೀನಿ, ನೀನು ಒಂದೊಂದೇ ಎತ್ತಿಡು."

"ನಂಗೆ ಓದಕ್ಕೆ ಬರಲ್ಲ ಕಣಮ್ಮ."

"ನಂಗೂ ಕಾಣಲ್ವಲ್ಲ," ಅಂದರು.

ಬಾಯಿಪಾಠದಿಂದ ಮೆಲ್ಲಗೆ ಶುರುಮಾಡಿದರು. ನನ್ನ ಕೈ ಯಾವುದೋ ಹಾಳೆಯ ಕಡೆ ಹೋಗುತ್ತಿತ್ತು, ಎತ್ತಿಡುತ್ತಿದ್ದೆ. ಒಮ್ಮೆ ಮೇಲಿನದನ್ನೆಲ್ಲ ಬಿಟ್ಟು ರಾಶಿಯ ಅಡಿಯದನ್ನು ಎಳೆದೆ. ಯಾಕೆ ಅಂತ ಗೊತ್ತಿಲ್ಲ. ಭಯವಂತೂ ಇರಲಿಲ್ಲ.

ಭಾನುವಾರ ಬೆಂಗಳೂರಿನ ಗುರುದ್ವಾರದಿಂದ ಓದಬಲ್ಲ ಹಿರಿಯರೊಬ್ಬರು ಬಂದು ಪ್ರತಿ ಪುಟವನ್ನೂ ನೋಡಿದರು. ಒಂದೂ ಹಿಂದುಮುಂದಾಗಿರಲಿಲ್ಲ.

ನಾನು ಸುಮ್ಮನಿರಲಿಲ್ಲ. ಹಳೆಯ ಕನ್ನಡ ಪುಸ್ತಕವೊಂದರ ಹಾಳೆ ಕಲೆಸಿ, ಇನ್ನೊಂದು ಪ್ರತಿಯಿಂದ ಹೆಂಡತಿ ಓದುತ್ತಿದ್ದಂತೆ ಕಣ್ಣುಮುಚ್ಚಿ ಎತ್ತಿಟ್ಟು ನೋಡಿದೆ. ಮೂರನೆಯದಕ್ಕೇ ತಪ್ಪಿತು.

ಹೊಲಿದ ಪೋಥಿ ಕೊಟ್ಟಾಗ ಆ ತಾಯಿ ಮೊದಲ ಹಾಳೆಯ ಮೇಲೆ ಬೆರಳಾಡಿಸಿ, "ನಮ್ಮಪ್ಪ," ಅಂದರು. ಆಮೇಲೆ ಹಾಳೆಗಳನ್ನು ಹಾರಿಸಿದ ಇದೇ ನನ್ನ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಅವತ್ತು ಏನಾಯಿತೋ ನನಗೆ ಇಂದಿಗೂ ತಿಳಿಯದು. ಆ ಕೆಲಸಕ್ಕೆ ನನ್ನನ್ನು ಕೂರಿಸಿದ್ದಕ್ಕೆ ದಿನಾ ಕೈ ಮುಗಿಯುತ್ತೇನೆ. ಯಾರಿಗೆ ಅಂತ ಮಾತ್ರ ಕೇಳಬೇಡಿ.