ತೂತು ಬಿದ್ದ ಹಾಳೆ

ಎಪ್ಪತ್ತರ ದಶಕದಲ್ಲಿ ನಾನು ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಹೋಗಿ, ಕನ್ನಡ ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಕಾರಣ ದಡ್ಡತನವಲ್ಲ, ತೋಳು. ಹತ್ತನೇ ವಯಸ್ಸಿನಿಂದ ಅಜ್ಜಿಯ ಜೊತೆ ಒನಕೆ ಹಿಡಿದು ಭತ್ತ ಕುಟ್ಟಿದ ತೋಳು ಟೈಪ್‌ರೈಟರನ್ನೂ ಹಾಗೇ ಕುಟ್ಟುತ್ತಿತ್ತು. ಸೊನ್ನೆ ಬಂದ ಕಡೆಯೆಲ್ಲ ಹಾಳೆ ತೂತಾಗುತ್ತಿತ್ತು. ಟೈಪಿಂಗ್ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಹಿಟ್ಟು ಜರಡಿ ಹಿಡಿಯಬಹುದಮ್ಮ" ಎಂದರು.

ಬೆಳಕವಾಡಿಯ ಸೋದರಮಾವನಿಗೆ ಈ ಸುದ್ದಿ ಹಬ್ಬದೂಟವಾಯಿತು. ಅಕ್ಕನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವುದು ಹುಟ್ಟಿನಿಂದ ಬಂದ ಹಕ್ಕು ಎಂದು ನಂಬಿದ್ದ ಮನುಷ್ಯ ಆತ. ಆ ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಸಲ ಫೇಲಾಗಿ, ಮತ್ತೆ ಪುಸ್ತಕ ಮುಟ್ಟದೆ, ಜಗಲಿಯ ಮೇಲೆ ಮೀಸೆ ಬೆಳೆಸುತ್ತಾ ಕೂತಿದ್ದ.

"ಆ ಮಿಸೀನು ಕುಟ್ಟಿದ್ದು ಸಾಕು ಬುಡವ್ವ, ನಮ್ಮನೇಗೆ ಬಂದು ಬತ್ತ ಕುಟ್ಟೀವಂತೆ," ಎಂದ ಮಾವ, ಮನೆತುಂಬ ನೆಂಟರ ಮುಂದೆ. ಎಲ್ಲರೂ ನಕ್ಕರು. ನಮ್ಮಮ್ಮನೂ.

ಅಂದಿನಿಂದ ಒನಕೆ ಮುಟ್ಟಲಿಲ್ಲ. ಆರು ತಿಂಗಳು ಬೆರಳ ತುದಿಯಲ್ಲಷ್ಟೇ ಒತ್ತುವುದನ್ನು ಕಲಿತು, ಮೂರನೇ ಸಲ ಪಾಸಾದೆ. ಮದ್ದೂರಿನಲ್ಲಿ ಒಂದು ಕಚೇರಿಯ ಎದುರು ಬಾಡಿಗೆ ಯಂತ್ರ ಇಟ್ಟುಕೊಂಡು, ಜನರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಾ ಕೂತೆ.

ಒಂದು ಬೆಳಿಗ್ಗೆ ಮಾವ ಬಂದ, ಹಿಂದೆ ಅದೇ ಮೀಸೆಯ ಮಗ.

"ಇವ್ನಿಗೊಂದು ಜವಾನನ ಕೆಲ್ಸಕ್ಕೆ ಅರ್ಜಿ ಒಡ್ದುಕೊಡವ್ವ. ಆಳೆ ತೂತು ಮಾಡ್ಬುಟ್ಟೀಯೆ ಮತ್ತೆ!"

ಒಂದು ಸೊನ್ನೆಯೂ ತೂತಾಗದಂತೆ ಹೊಡೆದೆ. ವಿದ್ಯಾರ್ಹತೆಯ ಸಾಲು ಬಂದಾಗ ಮಾತ್ರ ಕೈ ನಿಲ್ಲಿಸಿ, ಹಿಂದೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಕೇಳಿದೆ: "ಮಾವ, ಓದು ಅನ್ನೋ ಕಡೆ ಏನಂತ ಕುಟ್ಲಿ?"